ಅಜ್ಜಿಯ ಎಪ್ಪತ್ತು ಮತ್ತು ಆ ನಾಲ್ಕು

ಈ ಸಲದ ಪತ್ರಗಳಲ್ಲಿ ಮೂರು ಒಂದೇ ಸಂಖ್ಯೆಯನ್ನು ಹಿಡಿದುಕೊಂಡು ಬಂದಿವೆ. ಅದು 70. ಮೂವರೂ ಬೇರೆ ಬೇರೆ ಕಡೆಯಿಂದ ಬರೆದವರು, ಕೇಳಿದ್ದೂ ಬೇರೆ ಬೇರೆ. ಆದರೂ ಒಟ್ಟಿಗೆ ಓದಿದರೆ ಚೆಂದ ಅನ್ನಿಸಿತು, ಹಾಗಾಗಿ ಅವನ್ನೇ ಮೊದಲು ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಹೋದ ತಿಂಗಳು ನನಗೆ 70 ತುಂಬಿತು. ಹೈಸ್ಕೂಲಿನಲ್ಲಿರುವ ಮೊಮ್ಮಗ ಫೋನಿನಲ್ಲಿ ಏನೋ ಓದಿ, "ಅಜ್ಜಿ, 70 ವಿಚಿತ್ರ ಸಂಖ್ಯೆ ಅಂತೆ" ಅಂದ. ಯಾಕೋ ಅಂತ ಕೇಳಿದರೆ ಅವನಿಗೂ ಗೊತ್ತಿಲ್ಲ. ನಾನು ಓದಿರುವುದು ಏಳನೇ ಕ್ಲಾಸು. ನನಗೆ ಅರ್ಥವಾಗುವ ಹಾಗೆ ಹೇಳುತ್ತೀರಾ? ಅದು ಕೆಟ್ಟ ಸಂಖ್ಯೆನಾ?

ಉತ್ತರ: ಅಮ್ಮಾ, ಕೆಟ್ಟದ್ದು ಏನೂ ಇಲ್ಲ. ನಿಮ್ಮ ಏಳನೇ ಕ್ಲಾಸು ಇದಕ್ಕೆ ಧಾರಾಳವಾಗಿ ಸಾಕು. ಕೂಡುವುದು, ಭಾಗಿಸುವುದು ಬಂದರೆ ಆಯ್ತು. ಒಂದು ಪೆನ್ಸಿಲ್ಲು, ಹಾಳೆ ಹತ್ತಿರ ಇಟ್ಟುಕೊಳ್ಳಿ. ಮೊಮ್ಮಗನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಮೊದಲು 6 ತಗೊಳ್ಳಿ. ಅದನ್ನು ಶೇಷ ಉಳಿಯದ ಹಾಗೆ ಭಾಗಿಸುವ ಸಂಖ್ಯೆಗಳು ಯಾವುವು? 1, 2, 3 ಮತ್ತು 6. ಇವು ಅದರ ಅಪವರ್ತನಗಳು. ಇವುಗಳಲ್ಲಿ 6 ಅನ್ನೇ ಬಿಟ್ಟು ಉಳಿದವನ್ನು ಕೂಡಿ: 1+2+3. ಮತ್ತೆ 6 ಬಂತು. ಹೀಗೆ ತನ್ನ ತುಂಡುಗಳಿಂದಲೇ ತಾನು ಸರಿಯಾಗಿ ಆಗುವ ಸಂಖ್ಯೆಗೆ ಪರಿಪೂರ್ಣ ಸಂಖ್ಯೆ ಅಂತ ಹೆಸರು. ಮುಂದಿನದು 28. ಅಲ್ಲಿ 1+2+4+7+14. ಆಮೇಲೆ 496 ತನಕ ಕಾಯಬೇಕು. ಅದಾದ ಮೇಲೆ 8128.

ಬೇರೆ ಸಂಖ್ಯೆಗಳು ಹೀಗೆ ಸರಿಹೊಂದುವುದಿಲ್ಲ. 10ಕ್ಕೆ 1+2+5, ಅಂದರೆ 8 ಮಾತ್ರ. ಕಡಿಮೆ ಬಿತ್ತು. ಅದು ಕೊರತೆಯ ಸಂಖ್ಯೆ. 12ಕ್ಕೆ 1+2+3+4+6, ಅಂದರೆ 16. ಜಾಸ್ತಿ ಆಯ್ತು. ಅದು ಸಮೃದ್ಧ ಸಂಖ್ಯೆ. ಸುಮಾರು 1900 ವರ್ಷದ ಹಿಂದೆಯೇ ನಿಕೊಮ್ಯಾಕಸ್ ಅನ್ನುವ ಗ್ರೀಕ್ ಗಣಿತಜ್ಞ ಸಂಖ್ಯೆಗಳನ್ನು ಈ ಮೂರು ಗುಂಪು ಮಾಡಿ ಬರೆದಿದ್ದ.

ಈಗ ಸಮೃದ್ಧ ಸಂಖ್ಯೆಗಳ ಗುಂಪನ್ನು ಸ್ವಲ್ಪ ಹತ್ತಿರದಿಂದ ನೋಡೋಣ. 12ರಲ್ಲಿ ತುಂಡುಗಳು ಜಾಸ್ತಿ ಇವೆ, ನಿಜ. ಹಾಗಾದರೆ ಒಂದೆರಡು ತುಂಡು ಬಿಟ್ಟುಬಿಟ್ಟರೆ 12 ಸರಿಯಾಗಿ ಬರುತ್ತದಾ? ಬರುತ್ತದೆ. 4ನ್ನು ಬಿಡಿ: 1+2+3+6, ಹನ್ನೆರಡು. 20ಕ್ಕೂ ಹಾಗೇ. 1+2+4+5+10 ಅಂದರೆ 22. 2 ಬಿಟ್ಟರೆ 20. ಇಷ್ಟು ತುಂಡು ಕೈಯಲ್ಲಿದ್ದ ಮೇಲೆ ಹೇಗಾದರೂ ಹೊಂದಿಸಬಹುದು ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ?

70ಕ್ಕೆ ಬನ್ನಿ. ತುಂಡುಗಳು 1, 2, 5, 7, 10, 14, 35. ಕೂಡಿದರೆ 74. ಜಾಸ್ತಿ ಇದೆ, ಹಾಗಾಗಿ ಸಮೃದ್ಧ. ಆದರೆ ಇವುಗಳಲ್ಲಿ ಯಾವುದನ್ನು ಇಟ್ಟುಕೊಂಡು ಯಾವುದನ್ನು ಬಿಟ್ಟರೂ 70 ಮಾತ್ರ ಬರುವುದೇ ಇಲ್ಲ. ಕೈತುಂಬ ಇದ್ದೂ ತನ್ನ ಲೆಕ್ಕಕ್ಕೆ ತಾನು ಹೊಂದುವುದಿಲ್ಲ. ವಿಚಿತ್ರ ಅನ್ನುವ ಹೆಸರು ಬಂದದ್ದು ಅದಕ್ಕೇ.

"ಬರುವುದೇ ಇಲ್ಲ" ಅಂತ ನಾನು ಹೇಳಿದ್ದನ್ನು ಸುಮ್ನೆ ನಂಬಬೇಡಿ. ಏಳು ತುಂಡುಗಳಿಂದ ಆಯ್ದುಕೊಳ್ಳುವ ರೀತಿಗಳು 128. ಕೆಲವು ವರ್ಷದ ಹಿಂದೆ ಎಂಟನೇ ತರಗತಿಯಲ್ಲಿ ಇದೇ ಲೆಕ್ಕವನ್ನು ಬೋರ್ಡಿನ ಮೇಲೆ ಹಾಕಿದ್ದೆ. 35+14+10+7 ಅಂದರೆ 66, ಅದಕ್ಕೆ 5 ಸೇರಿಸಿದರೆ 71, 2 ಸೇರಿಸಿದರೆ 68, 1 ಸೇರಿಸಿದರೆ 67, ಎರಡೂ ಸೇರಿಸಿದರೆ 69. ಹೀಗೆ ಒಂದೊಂದೇ ಬರೆಯುತ್ತಾ ಹೋದೆ. ಬೋರ್ಡು ಅರ್ಧ ತುಂಬಿತ್ತು. ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮಿಸ್, ಜಾಸ್ತಿ ಇರೋದು ನಾಲ್ಕೇ ಅಲ್ವಾ? ಆ ನಾಲ್ಕನ್ನ ತೆಗೆಯೋಕೆ ಆಗುತ್ತಾ ಅಂತ ನೋಡಿದ್ರೆ ಸಾಕಲ್ವಾ?" ಅಂದಳು.

ಅಷ್ಟೇ. 128 ರೀತಿಯೂ ಬೇಡ. ಮೊತ್ತ 74, ಬೇಕಾದ್ದು 70, ಬಿಡಬೇಕಾದ್ದು 4. ತುಂಡುಗಳಲ್ಲಿ 4 ಇಲ್ಲ. 5 ಮತ್ತು ಅದರ ಮೇಲಿನವು ದೊಡ್ಡದಾದವು. ಉಳಿದದ್ದು 1 ಮತ್ತು 2, ಎರಡೂ ಸೇರಿದರೆ 3. ನಾಲ್ಕನ್ನು ಬಿಡಲು ದಾರಿಯೇ ಇಲ್ಲ. ನಾನು ಡಸ್ಟರ್ ತಗೊಂಡು ಬೋರ್ಡು ಪೂರ್ತಿ ಒರೆಸಿ, ನಡುವೆ ದೊಡ್ಡದಾಗಿ 4 ಅಂತ ಬರೆದೆ. ಆ ದಿನದಿಂದ ಈ ಲೆಕ್ಕವನ್ನು ನಾನು ಬೇರೆ ಯಾವ ರೀತಿಯಲ್ಲೂ ಹೇಳಿಕೊಟ್ಟಿಲ್ಲ.

ಇನ್ನೊಂದು ಮಾತು. 70 ಇಂಥ ಸಂಖ್ಯೆಗಳಲ್ಲೇ ಮೊದಲನೆಯದು. ಅದಕ್ಕಿಂತ ಚಿಕ್ಕದರಲ್ಲಿ ಒಂದೂ ಇಲ್ಲ. ಇದನ್ನೂ ನೀವೇ ಕೂತು ನೋಡಬಹುದು. 70ಕ್ಕಿಂತ ಕೆಳಗೆ ಸಮೃದ್ಧ ಸಂಖ್ಯೆಗಳು ಹದಿಮೂರೇ: 12, 18, 20, 24, 30, 36, 40, 42, 48, 54, 56, 60, 66. ಇವುಗಳಲ್ಲಿ ಹತ್ತು 6ರ ಮಗ್ಗಿಯಲ್ಲಿ ಬರುತ್ತವೆ. 6ರ ಮಗ್ಗಿಯಲ್ಲಿ ಬರುವ ಯಾವುದೇ ಸಂಖ್ಯೆಯ ಅರ್ಧ, ಮೂರನೇ ಒಂದು, ಆರನೇ ಒಂದು ಕೂಡಿದರೆ ಅದೇ ಸಂಖ್ಯೆ ಬರುತ್ತದೆ. 18ಕ್ಕೆ 9+6+3 ನೋಡಿ. ಹಾಗಾಗಿ ಆ ಹತ್ತೂ ಹೊಂದಿಕೊಳ್ಳುವಂಥವು. ಉಳಿದದ್ದು 20, 40, 56. ಇಪ್ಪತ್ತನ್ನು ಆಗಲೇ ನೋಡಿದೆವು. ಅದರಲ್ಲಿ ಇಟ್ಟುಕೊಂಡ 1, 4, 5, 10ನ್ನು ಎರಡರಷ್ಟು ಮಾಡಿದರೆ 2+8+10+20, ಅದು 40. 56 ಅನ್ನುವುದು 28ರ ಎರಡರಷ್ಟು, ಹಾಗಾಗಿ 2+4+8+14+28. ಮುಗಿಯಿತು, ಹದಿಮೂರೂ ಹೊಂದಿಕೊಂಡವು. ಅವುಗಳ ಮುಂದಿನ ಸಮೃದ್ಧ ಸಂಖ್ಯೆಯೇ 70.

ವಿಚಿತ್ರ ಅನ್ನುವ ಈ ಹೆಸರು ಕೊಟ್ಟವರು ಸ್ಟಾನ್ ಬೆಂಕೋಸ್ಕಿ ಅನ್ನುವ ಗಣಿತಜ್ಞರು, 1972ರಲ್ಲಿ. ಪರಿಪೂರ್ಣ ಸಂಖ್ಯೆಯ ವಯಸ್ಸಿಗೆ ಹೋಲಿಸಿದರೆ ತೀರಾ ಹೊಸ ಹೆಸರು. ಎರಡು ವರ್ಷದ ಮೇಲೆ ಅವರು ಹಂಗೇರಿಯ ಗಣಿತಜ್ಞ ಪಾಲ್ ಎರ್ಡಿಶ್ ಜೊತೆ ಸೇರಿ ಇವುಗಳ ಬಗ್ಗೆ ಒಂದು ಪ್ರಬಂಧ ಬರೆದರು. 70 ಆದಮೇಲೆ ಮುಂದಿನ ವಿಚಿತ್ರ ಸಂಖ್ಯೆ 836. ಹತ್ತು ಸಾವಿರದ ಒಳಗೆ ಒಟ್ಟು ಏಳೇ ಇವೆ. ಅಷ್ಟು ಅಪರೂಪ. ಆದರೂ ಮುಗಿದುಹೋಗುವುದಿಲ್ಲ. 70ನ್ನು 144ಕ್ಕಿಂತ ದೊಡ್ಡದಾದ ಯಾವುದೇ ಅವಿಭಾಜ್ಯ ಸಂಖ್ಯೆಯಿಂದ ಗುಣಿಸಿ ನೋಡಿ, ಇನ್ನೊಂದು ವಿಚಿತ್ರ ಸಂಖ್ಯೆ ಸಿಗುತ್ತದೆ. 149ರಿಂದ ಗುಣಿಸಿದರೆ 10430. (144 ಎಲ್ಲಿಂದ ಬಂತು ಅಂದರೆ, ಆ 74ಕ್ಕೆ 70ನ್ನೂ ಕೂಡಿದ ಮೊತ್ತ.)

ನಿಮ್ಮ ಪತ್ರ ಎ4 ಹಾಳೆಯಲ್ಲಿತ್ತು. ಅದರ ಅಗಲ 210 ಮಿಲಿಮೀಟರ್, ಉದ್ದ 297. ಎರಡನ್ನೂ 3ರಿಂದ ಭಾಗಿಸಿ: 70 ಮತ್ತು 99! ಈ ಹಾಳೆಯನ್ನು ಮಧ್ಯಕ್ಕೆ ಮಡಿಚಿದರೂ ಆಕಾರ ಹಾಗೇ ಇರಬೇಕು ಅಂತ ಅಳತೆ ಇಟ್ಟಿದ್ದಾರೆ. ಅದಕ್ಕೆ ಉದ್ದ ಅನ್ನುವುದು ಅಗಲದ 2ರ ವರ್ಗಮೂಲದಷ್ಟಿರಬೇಕು. ಅದನ್ನು ಭಿನ್ನರಾಶಿಯಲ್ಲಿ ಪೂರ್ತಿ ಸರಿಯಾಗಿ ಬರೆಯಲು ಆಗುವುದಿಲ್ಲ. ಆದರೆ 99ರ ವರ್ಗ 9801, 70ರ ವರ್ಗದ ಎರಡರಷ್ಟು 9800. ಒಂದೇ ಒಂದು ವ್ಯತ್ಯಾಸ. ಅಷ್ಟು ಹತ್ತಿರ. ನಿಮ್ಮ 70ರ ಮೇಲೆಯೇ ನೀವು ನನಗೆ ಪತ್ರ ಬರೆದಿದ್ದೀರಿ ಅಂತ ನನಗೆ ತುಂಬಾ ಖುಷಿಯಾಯಿತು.

ಪ್ರಶ್ನೆ: 70 'ಹ್ಯಾಪಿ ನಂಬರ್' ಅಂತ ಒಂದು ಕಡೆ, 'ವಿಚಿತ್ರ ಸಂಖ್ಯೆ' ಅಂತ ಇನ್ನೊಂದು ಕಡೆ, 'ಹರ್ಷದ್ ಸಂಖ್ಯೆ' ಅಂತ ಮತ್ತೊಂದು ಕಡೆ ಓದಿದೆ. ಒಂದೇ ಸಂಖ್ಯೆಗೆ ಇಷ್ಟೊಂದು ಹೆಸರು ಹೇಗೆ? ಇವೆಲ್ಲ ಸಮಾನ ತೂಕದ ಹೆಸರುಗಳೇ?

ಉತ್ತರ: ಮೂರೂ ನಿಜ. ತೂಕ ಮಾತ್ರ ಒಂದೇ ಅಲ್ಲ ಅನ್ನುವುದು ನನ್ನ ಅಭಿಪ್ರಾಯ.

ಹ್ಯಾಪಿ ಅಂದರೆ, ಪ್ರತಿ ಅಂಕಿಯ ವರ್ಗ ಮಾಡಿ ಕೂಡುತ್ತಾ ಹೋಗುವುದು. 70ಕ್ಕೆ 49+0, ಅಂದರೆ 49. ಅದಕ್ಕೆ 16+81, ಅಂದರೆ 97. ಅದಕ್ಕೆ 81+49, ಅಂದರೆ 130. ಆಮೇಲೆ 1+9+0, ಅಂದರೆ 10. ಕೊನೆಗೆ 1. ಹೀಗೆ 1ಕ್ಕೆ ಬಂದು ಮುಟ್ಟಿದರೆ ಹ್ಯಾಪಿ. ಮುಟ್ಟದೇ ಇದ್ದರೆ ಒಂದು ಸುತ್ತಿನಲ್ಲಿ ಸಿಕ್ಕಿಹಾಕಿಕೊಂಡು ತಿರುಗುತ್ತಲೇ ಇರುತ್ತದೆ. ಹರ್ಷದ್ ಅಂದರೆ ಅಂಕಿಗಳ ಮೊತ್ತದಿಂದ ಸಂಖ್ಯೆ ಪೂರ್ತಿ ಭಾಗವಾಗಬೇಕು. 7+0 ಅಂದರೆ 7, ಅದರಿಂದ 70 ಭಾಗವಾಗುತ್ತದೆ. ಈ ಹೆಸರಿಟ್ಟವರು ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್. ವೃತ್ತಿಯಲ್ಲಿ ಶಾಲಾ ಮೇಷ್ಟ್ರು. ಹರ್ಷ ಕೊಡುವ ಸಂಖ್ಯೆ ಅಂತ ಅರ್ಥ. ನಾನೂ ಮೇಷ್ಟ್ರ ಕೆಲಸದವಳೇ ಆದ್ದರಿಂದ ಆ ಹೆಸರು ಹೇಳುವಾಗ ಒಂದು ಹೆಮ್ಮೆ ಇದ್ದೇ ಇದೆ.

ಆದರೆ ಒಂದು ಯೋಚಿಸಿ. ನಾವು ಹತ್ತು ಹತ್ತರ ಗುಂಪು ಮಾಡಿ ಎಣಿಸುತ್ತೇವೆ. ಏಳು ಏಳರ ಗುಂಪು ಮಾಡಿ ಎಣಿಸುವವರು ಇದ್ದಿದ್ದರೆ? ಅವರು 70ನ್ನು 130 ಅಂತ ಬರೆಯುತ್ತಿದ್ದರು, ಒಂದು 49 ಮತ್ತು ಮೂರು 7. ಅಂಕಿಗಳ ಮೊತ್ತ 4. ನಾಲ್ಕರಿಂದ 70 ಭಾಗವಾಗುವುದಿಲ್ಲ, ಹರ್ಷದ್ ಹೋಯಿತು. ವರ್ಗಗಳ ಮೊತ್ತ 1+9+0, ಅಂದರೆ ಹತ್ತು. ಹತ್ತನ್ನು ಅವರು 13 ಅಂತ ಬರೆಯುತ್ತಾರೆ. ಅದರ ವರ್ಗಗಳ ಮೊತ್ತ 1+9, ಮತ್ತೆ ಹತ್ತು. ಅಲ್ಲೇ ನಿಂತುಬಿಟ್ಟಿತು, 1ಕ್ಕೆ ಬರಲೇ ಇಲ್ಲ. ಹ್ಯಾಪಿಯೂ ಹೋಯಿತು.

ವಿಚಿತ್ರ ಅನ್ನುವ ಹೆಸರು ಮಾತ್ರ ಹೋಗುವುದಿಲ್ಲ. ಎಪ್ಪತ್ತು ಕಲ್ಲುಗಳನ್ನು ನೆಲದ ಮೇಲೆ ಇಡಿ. ಯಾವ ಭಾಷೆಯಲ್ಲಿ ಎಣಿಸಿದರೂ, ಅಂಕಿ ಹೇಗೇ ಬರೆದರೂ, ಅವನ್ನು ಹತ್ತರಂತೆ ಏಳು ಸಾಲು ಮಾಡಬಹುದು, ಹದಿನಾಲ್ಕರಂತೆ ಐದು ಸಾಲು ಮಾಡಬಹುದು, ಎಂಟರಂತೆ ಸಾಲು ಮಾಡಲು ಹೋದರೆ ಕಲ್ಲು ಉಳಿಯುತ್ತದೆ. ಅಪವರ್ತನ ಅನ್ನುವುದು ಕಲ್ಲುಗಳದ್ದೇ ಗುಣ. ಅಂಕಿಗಳ ಆಟ ನಮ್ಮ ಬರವಣಿಗೆಯ ಗುಣ. ಆ ಆಟವೂ ನನಗೆ ಇಷ್ಟವೇ, ಮಕ್ಕಳಿಗೆ ಕೂಡುವುದನ್ನು ರೂಢಿ ಮಾಡಿಸಲು ಅದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಒಂದು ಸಂಖ್ಯೆಯ ಬಗ್ಗೆ ಯಾರಾದರೂ ಹತ್ತಿಪ್ಪತ್ತು ಬಿರುದು ಬರೆದು ಕಳಿಸಿದರೆ, ನಾನು ಮೊದಲು ಅವುಗಳನ್ನು ಈ ಎರಡು ಗುಂಪು ಮಾಡುತ್ತೇನೆ.

ಪ್ರಶ್ನೆ: 1ರಿಂದ 24ರ ತನಕ ಎಲ್ಲ ಸಂಖ್ಯೆಗಳ ವರ್ಗಗಳನ್ನು ಕೂಡಿದರೆ 70ರ ವರ್ಗ ಬರುತ್ತದೆ ಅಂತ ಸ್ನೇಹಿತರೊಬ್ಬರು ಹೇಳಿದರು. ಇದು ನಿಜವಾ? ಹೀಗೆ ಬೇರೆಯವೂ ಇವೆಯಾ?

ಉತ್ತರ: ನಿಜ. ಬೇರೆ ಯಾವುದೂ ಇಲ್ಲ. 1ರ ವರ್ಗ 1 ಅನ್ನುವ ತೀರಾ ಸರಳವಾದ ಉದಾಹರಣೆ ಬಿಟ್ಟರೆ, ಇದೊಂದೇ.

ಇದನ್ನು ಗುಂಡುಗಳ ರಾಶಿಯ ಹಾಗೆ ಕಲ್ಪಿಸಿಕೊಳ್ಳಿ. ತುದಿಯಲ್ಲಿ ಒಂದು ಗುಂಡು, ಅದರ ಕೆಳಗೆ 4, ಅದರ ಕೆಳಗೆ 9, ಹೀಗೆ 24 ಅಂತಸ್ತು. ಒಟ್ಟು 4900. ಆ ರಾಶಿಯನ್ನು ಕೆಡವಿ ನೆಲದ ಮೇಲೆ ಹರಡಿದರೆ 70 ಸಾಲು, ಸಾಲಿಗೆ 70, ಒಂದೂ ಉಳಿಯದ ಹಾಗೆ ಚೌಕವಾಗುತ್ತದೆ. ಬೇರೆ ಎಷ್ಟೇ ಅಂತಸ್ತು ಕಟ್ಟಿದರೂ ಹೀಗೆ ಆಗುವುದಿಲ್ಲ ಅಂತ ತೋರಿಸಿ ಎಂದು ಫ್ರಾನ್ಸಿನ ಎಡ್ವರ್ಡ್ ಲೂಕಾ 1875ರಲ್ಲಿ ಸವಾಲು ಹಾಕಿದರು. ಅದಕ್ಕೆ ಪೂರ್ತಿ ಪುರಾವೆ ಸಿಕ್ಕಿದ್ದು 1918ರಲ್ಲಿ, ಜಿ. ಎನ್. ವಾಟ್ಸನ್ ಅವರಿಂದ. ನಡುವೆ 43 ವರ್ಷ.

ನಾನು ಕಾಲೇಜಿನಲ್ಲಿದ್ದಾಗ ಇದನ್ನು ಓದಿ, ರಾತ್ರಿ ಕೂತು 24 ವರ್ಗಗಳನ್ನೂ ಒಂದರ ಕೆಳಗೆ ಒಂದು ಬರೆದು ಕೂಡಿದ್ದೆ. ಹತ್ತರ ತನಕ 385. ಇಪ್ಪತ್ತರ ತನಕ 2870. ಆಮೇಲೆ 3311, 3795, 4324. ಕೊನೆಗೆ 576 ಕೂಡಿದಾಗ 4900 ಬಂತು. ಆ ಎರಡು ಸೊನ್ನೆ ನೋಡಿದಾಗ ಆದ ಸಂತೋಷ ಇನ್ನೂ ನೆನಪಿದೆ.

ಆದರೆ ಯಾಕೆ ಚೌಕ ಬಂತು ಅಂತ ಕಾಣಬೇಕಾದರೆ ಸೂತ್ರ ಬೇಕು. ಆರ್ಯಭಟ 499ರಲ್ಲೇ ಕೊಟ್ಟ ಸೂತ್ರ. ಕೊನೆಯ ಸಂಖ್ಯೆ, ಅದಕ್ಕೆ ಒಂದು ಕೂಡಿದ್ದು, ಅದರ ಎರಡರಷ್ಟಕ್ಕೆ ಒಂದು ಕೂಡಿದ್ದು, ಈ ಮೂರನ್ನೂ ಗುಣಿಸಿ 6ರಿಂದ ಭಾಗಿಸಿ. ಇಲ್ಲಿ 24×25×49÷6. ಇಪ್ಪತ್ತನಾಲ್ಕನ್ನು 6ರಿಂದ ಭಾಗಿಸಿದರೆ 4. ಈಗ ಉಳಿದದ್ದು 4×25×49. ಮೂರನ್ನೂ ನೋಡಿ. 4 ಅಂದರೆ 2ರ ವರ್ಗ, 25 ಅಂದರೆ 5ರ ವರ್ಗ, 49 ಅಂದರೆ 7ರ ವರ್ಗ. 2×5×7 ಎಷ್ಟು? 70. ಮೂರು ವರ್ಗಗಳು ಒಂದೇ ಕಡೆ ಹೀಗೆ ಬಂದು ಸೇರಿವೆ.

ಇದು ಬರೀ ಚಮತ್ಕಾರವಾಗಿಯೂ ಉಳಿಯಲಿಲ್ಲ. 24 ಆಯಾಮಗಳಲ್ಲಿ ಗೋಲಗಳನ್ನು ಒತ್ತೊತ್ತಾಗಿ ಜೋಡಿಸುವ ಒಂದು ರಚನೆ ಇದೆ, ಲೀಚ್ ಜಾಲಂಧ್ರ ಅಂತ. ಅದರಲ್ಲಿ ಪ್ರತಿ ಗೋಲವೂ ಬೇರೆ 1,96,560 ಗೋಲಗಳನ್ನು ಮುಟ್ಟಿಕೊಂಡಿರುತ್ತದೆ. ಅದನ್ನು ಕಟ್ಟುವ ಒಂದು ದಾರಿ ಇದೇ 24 ಮತ್ತು 70ರ ಸಮೀಕರಣದ ಮೂಲಕ ಹೋಗುತ್ತದೆ. ಆ ಆಯಾಮದಲ್ಲಿ ಅದಕ್ಕಿಂತ ಒತ್ತಾಗಿ ಜೋಡಿಸಲು ಸಾಧ್ಯವೇ ಇಲ್ಲ ಅಂತ ಮಾರಿನಾ ವಿಯಾಜೋವ್ಸ್ಕಾ ಮತ್ತು ನಾಲ್ವರು ಸಂಗಡಿಗರು 2016ರಲ್ಲಿ ತೋರಿಸಿಕೊಟ್ಟರು.

ಪ್ರಶ್ನೆ: 1 ಅವಿಭಾಜ್ಯ ಸಂಖ್ಯೆಯೇ?

ಉತ್ತರ: ಅಲ್ಲ. 70ನ್ನು ಅವಿಭಾಜ್ಯಗಳ ಗುಣಲಬ್ಧವಾಗಿ ಬರೆಯುವ ರೀತಿ ಒಂದೇ: 2×5×7. 1ನ್ನೂ ಆ ಗುಂಪಿಗೆ ಸೇರಿಸಿದರೆ 1×2×5×7, 1×1×2×5×7 ಅಂತ ಎಷ್ಟು ಬೇಕಾದರೂ ಬರೆಯಬಹುದು, ಆಗ "ಒಂದೇ ರೀತಿ" ಅನ್ನುವ ಮಾತು ನಿಲ್ಲುವುದಿಲ್ಲ. ಆ ಮಾತು ಉಳಿಯಲಿ ಅಂತಲೇ 1ನ್ನು ಹೊರಗೆ ಇಟ್ಟಿದ್ದಾರೆ.

ಪ್ರಶ್ನೆ: ನಾನು ಒಂಬತ್ತನೇ ತರಗತಿ. ನಮ್ಮ ಪ್ರಾಜೆಕ್ಟಿಗೆ ಸಮೃದ್ಧ ಸಂಖ್ಯೆಗಳನ್ನು ಹುಡುಕುತ್ತಿದ್ದೇನೆ. 500ರ ತನಕ ನೋಡಿದೆ. ಎಲ್ಲವೂ ಸಮಸಂಖ್ಯೆಗಳೇ. 'ಸಮೃದ್ಧ ಸಂಖ್ಯೆಗಳೆಲ್ಲ ಸಮಸಂಖ್ಯೆಗಳು' ಅಂತ ಬರೆಯಬಹುದಾ ಟೀಚರ್?

ಉತ್ತರ: ಮಗೂ, ಬರೆಯಬೇಡ! 500ರ ತನಕ ಕೈಯಲ್ಲೇ ನೋಡಿದ್ದೀಯ ಅನ್ನುವುದು ದೊಡ್ಡ ಮಾತು. ಇನ್ನೂ 445 ಮುಂದೆ ಹೋಗು.

945 ಬೆಸಸಂಖ್ಯೆ. ಅದು 3×3×3×5×7. ಅದನ್ನು ಬಿಟ್ಟು ಉಳಿದ ಅಪವರ್ತನಗಳು 1, 3, 5, 7, 9, 15, 21, 27, 35, 45, 63, 105, 135, 189, 315. ಕೂಡು, 975 ಬರುತ್ತದೆ. 30 ಜಾಸ್ತಿ. ಬೆಸಸಂಖ್ಯೆಗಳಲ್ಲಿ ಮೊದಲ ಸಮೃದ್ಧ ಇದು. ಅದಕ್ಕಿಂತ ಕೆಳಗಿನ ಸಮೃದ್ಧ ಸಂಖ್ಯೆಗಳೆಲ್ಲ ಸಮವೇ, ಹಾಗಾಗಿ ನಿನಗೆ ಹಾಗನ್ನಿಸಿದ್ದರಲ್ಲಿ ತಪ್ಪೇನಿಲ್ಲ. ಬೆಸಸಂಖ್ಯೆಗೆ ತನ್ನ ಅರ್ಧ ಅನ್ನುವ ದೊಡ್ಡ ತುಂಡು ಇರುವುದಿಲ್ಲ ನೋಡು. ದೊಡ್ಡದು ಅಂದರೆ ಮೂರನೇ ಒಂದು. ಆದ್ದರಿಂದ ಚಿಕ್ಕ ಚಿಕ್ಕ ತುಂಡುಗಳನ್ನು ಬಹಳ ಕೂಡಿಹಾಕಬೇಕಾಗುತ್ತದೆ. ಅದಕ್ಕೇ ಅಷ್ಟು ತಡ.

ಮೇಲೆ ಅಜ್ಜಿಯೊಬ್ಬರಿಗೆ ವಿಚಿತ್ರ ಸಂಖ್ಯೆ ಅಂದರೆ ಏನು ಅಂತ ಬರೆದಿದ್ದೇನೆ, ಮೊದಲು ಓದು. 945 ವಿಚಿತ್ರವಾ? ಜಾಸ್ತಿ ಇರುವುದು 30. 27 ಮತ್ತು 3 ಬಿಟ್ಟರೆ ಆಯ್ತು. ವಿಚಿತ್ರ ಅಲ್ಲ. ಹಾಗಾದರೆ ಬೆಸಸಂಖ್ಯೆಗಳಲ್ಲಿ ವಿಚಿತ್ರ ಸಂಖ್ಯೆ ಇದೆಯಾ? ಇದು ಯಾರಿಗೂ ಗೊತ್ತಿಲ್ಲ. ಕಂಪ್ಯೂಟರಿನಲ್ಲಿ ಹುಡುಕಿದ್ದಾರೆ. 1ರ ಮುಂದೆ 21 ಸೊನ್ನೆ ಹಾಕಿದ ಸಂಖ್ಯೆಯ ತನಕ ಒಂದೂ ಸಿಕ್ಕಿಲ್ಲ. ಇಲ್ಲವೇ ಇಲ್ಲ ಅಂತ ಸಾಧಿಸಿಯೂ ಇಲ್ಲ. ಬೆಸ ಪರಿಪೂರ್ಣ ಸಂಖ್ಯೆಯ ಕಥೆಯೂ ಹೀಗೇ ನಿಂತಿದೆ. 500ರ ತನಕ ನೋಡಿ ನೀನು ಬರೆಯಲು ಹೊರಟಂಥ ವಾಕ್ಯವನ್ನು, 21 ಸೊನ್ನೆಯ ತನಕ ನೋಡಿದವರು ಇನ್ನೂ ಬರೆದಿಲ್ಲ.

ನಿನ್ನ ಪ್ರಾಜೆಕ್ಟಿಗೆ ಒಂದು ಪುಟ ಹೀಗೆ ಮಾಡು. ಹತ್ತು ಸಾವಿರದ ಒಳಗಿನ ಏಳು ವಿಚಿತ್ರ ಸಂಖ್ಯೆಗಳು 70, 836, 4030, 5830, 7192, 7912, 9272. ಪ್ರತಿಯೊಂದಕ್ಕೂ ಎಷ್ಟು ಜಾಸ್ತಿ ಇದೆ ಅಂತ ಕಂಡುಹಿಡಿ. ಆ ಜಾಸ್ತಿ ಇರುವುದನ್ನು ಬಿಡಲು ಯಾಕೆ ಆಗುವುದಿಲ್ಲ ಅಂತ ಒಂದು ಸಾಲು ಬರೆ. 836ಕ್ಕೆ ನಾನೇ ಮಾಡಿ ತೋರಿಸುತ್ತೇನೆ. ತುಂಡುಗಳು 1, 2, 4, 11, 19, 22, 38, 44, 76, 209, 418. ಮೊತ್ತ 844. ಜಾಸ್ತಿ 8. ಹನ್ನೊಂದು ದೊಡ್ಡದಾಯಿತು, ಅದರ ಕೆಳಗಿನ 1, 2, 4 ಮೂರೂ ಸೇರಿದರೆ 7. ಒಂದರಲ್ಲಿ ತಪ್ಪಿತು. 70ರಲ್ಲೂ ಹಾಗೇ, 4 ಬೇಕಿತ್ತು, 3 ಇತ್ತು. 7192ರಲ್ಲಿ 16 ಬೇಕು, 1, 2, 4, 8 ಸೇರಿದರೆ 15. ಅಲ್ಲೂ ಒಂದೇ ಕಮ್ಮಿ. ಇದನ್ನು ಮೊದಲ ಸಲ ಸಾಲಾಗಿ ಬರೆದು ನೋಡಿದಾಗ ನಾನು ಕುರ್ಚಿಯಿಂದ ಎದ್ದು ಕೋಣೆಯೊಳಗೆ ಒಂದು ಸುತ್ತು ಹಾಕಿ ಬಂದಿದ್ದೆ.

9272 ಮಾತ್ರ ಬೇರೆ ಥರ. ಅಲ್ಲಿ ಜಾಸ್ತಿ 56. ಚಿಕ್ಕ ತುಂಡುಗಳು 1, 2, 4, 8, 19, 38, ಆಮೇಲೆ 61. ಹತ್ತೊಂಬತ್ತೂ ಮೂವತ್ತೆಂಟೂ ಎರಡೂ ಇವೆ, ಅವಸರ ಮಾಡಬೇಡ. ಎರಡನ್ನೂ ಒಟ್ಟಿಗೆ ತೆಗೆದುಕೊಂಡರೆ ಎಷ್ಟಾಗುತ್ತದೆ, ಒಂದನ್ನೇ ತೆಗೆದುಕೊಂಡರೆ ಎಲ್ಲಿಗೆ ನಿಲ್ಲುತ್ತದೆ ಅಂತ ಬೇರೆ ಬೇರೆಯಾಗಿ ನೋಡು. ಆದಮೇಲೆ ನನಗೆ ಬರೆದು ಕಳಿಸು.